ಕೆಂಪು ಗುರುತು ಕಾಣದವರಿಗೂ ಎಚ್ಚರಿಕೆ ಕೇಳಿಸಬೇಕು: ಸ್ಕ್ರೀನ್ ರೀಡರ್ ಜೊತೆ ಆಂಟಿವೈರಸ್ ಬಳಸುವ ಪಾಠ

ಕಂಪ್ಯೂಟರಿಗೆ ವೈರಸ್ ಬಂದರೆ ಆಂಟಿವೈರಸ್ ನಮಗೆ ಹೇಗೆ ತಿಳಿಸುತ್ತದೆ? ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಚೌಕ ಏಳುತ್ತದೆ. ಎಲ್ಲ ಸರಿಯಿದ್ದರೆ ಹಸಿರು ಗುರುತು, ಅಪಾಯವಿದ್ದರೆ ಕೆಂಪು ಗುರುತು. ಕೆಲವೇ ಸೆಕೆಂಡಿನಲ್ಲಿ ಆ ಚೌಕ ಮಾಯವಾಗುತ್ತದೆ. ಕಣ್ಣಿರುವವರಿಗೇ ಎಷ್ಟೋ ಸಲ ಅದು ತಪ್ಪಿಹೋಗುತ್ತದೆ. ಹಾಗಾದರೆ ಕಣ್ಣು ಕಾಣದ ವಿದ್ಯಾರ್ಥಿ ಏನು ಮಾಡಬೇಕು?

ಇದು ಕಂಪ್ಯೂಟರ್ ಸೈನ್ಸ್‌ನವರಿಗೆ ಮಾತ್ರ ಸೇರಿದ ಪ್ರಶ್ನೆ ಅಲ್ಲ. ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಪ್ರತಿ, ಅಂಕಪಟ್ಟಿ, ಎಲ್ಲವೂ ಈಗ ಕಂಪ್ಯೂಟರ್ ಅಥವಾ ಮೊಬೈಲಿನಲ್ಲಿದೆ. ದೃಷ್ಟಿ ಇಲ್ಲದವರು ಇವುಗಳನ್ನು ತಾವೇ ಕಾಪಾಡಿಕೊಳ್ಳಲು ಆಗದಿದ್ದರೆ, ಪ್ರತಿ ಸಲ ಇನ್ನೊಬ್ಬರ ಕೈಗೆ ಪಾಸ್‌ವರ್ಡ್ ಕೊಡಬೇಕಾಗುತ್ತದೆ. ಈ ಪಾಠದಲ್ಲಿರುವ ಹೆಚ್ಚಿನ ವಿಷಯವನ್ನು ನನಗೆ ಕಲಿಸಿದವರು ನಮ್ಮ ಮೊಹಲ್ಲಾದ ಒಬ್ಬ ಭಾಯ್. ಅವರು ಬಿ.ಕಾಂ. ಓದುತ್ತಿದ್ದಾರೆ, ಹುಟ್ಟಿನಿಂದ ದೃಷ್ಟಿ ಇಲ್ಲ. ಪ್ರತಿಯೊಂದನ್ನೂ ಅವರ ಲ್ಯಾಪ್‌ಟಾಪ್ ಮುಂದೆ ಕುಳಿತು ಮಾಡಿ ನೋಡಿದ ಮೇಲೆಯೇ ಬರೆಯುತ್ತಿದ್ದೇನೆ.

ಸ್ಕ್ರೀನ್ ರೀಡರ್ ಎಂದರೇನು?

ಪರದೆಯ ಮೇಲೆ ಇರುವುದನ್ನು ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಇದನ್ನು ಬಳಸುವವರು ಮೌಸ್ ಮುಟ್ಟುವುದಿಲ್ಲ. ಎಲ್ಲ ಕೆಲಸವೂ ಕೀಬೋರ್ಡ್‌ನಿಂದಲೇ. ವಿಂಡೋಸ್‌ನಲ್ಲಿ ಮೂರು ಹೆಸರು ಹೆಚ್ಚು ಕೇಳಿಬರುತ್ತವೆ.

ಮೊದಲನೆಯದು ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಇದನ್ನು ಆರಂಭಿಸಿದರು. ಅವರಿಗೂ ದೃಷ್ಟಿ ಇಲ್ಲ. ಇದು ಪೂರ್ತಿ ಉಚಿತ, ಇದರ ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಇದರ ಜೊತೆ ಬರುವ ಇ-ಸ್ಪೀಕ್ ಧ್ವನಿಗೆ ಕನ್ನಡವನ್ನೂ ಓದಲು ಬರುತ್ತದೆ. ಎರಡನೆಯದು ಜಾಸ್. ಇದು ಹಳೆಯದು, ಒಳ್ಳೆಯದು, ಆದರೆ ದುಡ್ಡು ಕೊಟ್ಟು ಪರವಾನಗಿ ಪಡೆಯಬೇಕು. ಮೂರನೆಯದು ವಿಂಡೋಸ್‌ನಲ್ಲೇ ಇರುವ ನರೇಟರ್. ವಿಂಡೋಸ್, ಕಂಟ್ರೋಲ್, ಎಂಟರ್ ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಅದು ಮಾತಾಡಲು ಶುರುಮಾಡುತ್ತದೆ. ಅದೇ ಕೀಗಳನ್ನು ಮತ್ತೆ ಒತ್ತಿದರೆ ನಿಲ್ಲುತ್ತದೆ.

ಒಂದು ಕಿವಿಮಾತು. ಜಾಸ್‌ನ "ಕ್ರ್ಯಾಕ್" ಫೈಲ್ ಎಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಇಂಥ ಫೈಲ್‌ಗಳ ಜೊತೆ ಬರುವ ಸೂಚನೆಯಲ್ಲಿ "ಮೊದಲು ಆಂಟಿವೈರಸ್ ಆಫ್ ಮಾಡಿ" ಎಂದು ಬರೆದಿರುವುದುಂಟು. ಬೀಗ ತೆಗೆದಿಟ್ಟು ಕಳ್ಳನನ್ನು ಕರೆದ ಹಾಗೆ ಅದು. ಉಚಿತವಾಗಿ ಎನ್‌ವಿಡಿಎ ಸಿಗುವಾಗ ಕದ್ದ ಮಾಲು ನಮಗೇಕೆ?

ಇವೆರಡಕ್ಕೂ ಯಾಕೆ ಹೊಂದುವುದಿಲ್ಲ?

ಸ್ಕ್ರೀನ್ ರೀಡರ್ ಪರದೆಯ ಚಿತ್ರವನ್ನು ನೋಡಿ ಓದುವುದಿಲ್ಲ. ಪ್ರತಿ ತಂತ್ರಾಂಶವೂ ವಿಂಡೋಸ್ ಮೂಲಕ ತನ್ನ ಬಟನ್‌ಗಳ ವಿವರವನ್ನು ಒದಗಿಸಬೇಕು: ಇದರ ಹೆಸರೇನು, ಇದು ಬಟನ್ನೋ ಚೆಕ್ ಬಾಕ್ಸೋ, ಆನ್ ಆಗಿದೆಯೋ ಆಫ್ ಆಗಿದೆಯೋ. ಆ ವಿವರವನ್ನೇ ಸ್ಕ್ರೀನ್ ರೀಡರ್ ಓದುತ್ತದೆ. ತಂತ್ರಾಂಶ ತಯಾರಿಸಿದವರು ಚೆಂದ ಕಾಣಲೆಂದು ಎಲ್ಲವನ್ನೂ ಬರೀ ಚಿತ್ರವಾಗಿ ಬಿಡಿಸಿ, ಹೆಸರು ಕೊಡದೆ ಬಿಟ್ಟರೆ, ಕೇಳುವವರಿಗೆ "ಬಟನ್, ಬಟನ್, ಬಟನ್" ಎಂದಷ್ಟೇ ಕೇಳುತ್ತದೆ.

ಇದು ಮೊದಲ ಕಾರಣ. ಎರಡನೆಯ ಕಾರಣ ಆಂಟಿವೈರಸ್‌ನ ಸ್ವಭಾವದಲ್ಲೇ ಇದೆ. ವೈರಸ್‌ಗಳು ಮೊದಲು ಆಂಟಿವೈರಸ್ಸನ್ನೇ ಆಫ್ ಮಾಡಲು ನೋಡುತ್ತವೆ. ಹಾಗಾಗಿ ಅದು ಬೇರೆ ಯಾವ ಪ್ರೋಗ್ರಾಮನ್ನೂ ತನ್ನೊಳಗೆ ಕೈಹಾಕಲು ಬಿಡುವುದಿಲ್ಲ. ಆದರೆ ಸ್ಕ್ರೀನ್ ರೀಡರ್ ಕೆಲಸ ಮಾಡಬೇಕಾದರೆ ಬೇರೆ ಪ್ರೋಗ್ರಾಮ್‌ಗಳ ಒಳಗೆ ಇಣುಕಲೇಬೇಕು. ನಾವು ಒತ್ತುವ ಪ್ರತಿ ಕೀಯನ್ನೂ ಅದು ಗಮನಿಸುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಅದನ್ನೇ ಮಾಡುತ್ತದೆ! ಒಬ್ಬ ಸಹಾಯಕ, ಇನ್ನೊಬ್ಬ ಕಳ್ಳ. ಇಬ್ಬರ ನಡಿಗೆ ಹೊರಗಿನಿಂದ ಒಂದೇ ರೀತಿ. ಹೀಗಾಗಿ ಕೆಲವು ಸಲ ಆಂಟಿವೈರಸ್ ಸ್ಕ್ರೀನ್ ರೀಡರನ್ನೇ ಅನುಮಾನಿಸಿ ತಡೆಯುವುದೂ ಇದೆ.

ಇದರಿಂದ ಆಗುವ ತೊಂದರೆಗೆ ಒಂದು ಉದಾಹರಣೆ. ನಾನು ಹೇಳಿದ ಭಾಯ್ ಮೊದಲು ದುಡ್ಡು ಕೊಟ್ಟು ಒಂದು ಆಂಟಿವೈರಸ್ ಹಾಕಿಸಿದ್ದರು. ಒಂದು ವರ್ಷದ ಅವಧಿ ಮುಗಿದಾಗ ಅದು ಪರದೆಯ ಮೇಲೆ ಕೆಂಪು ಗುರುತು ತೋರಿಸುತ್ತಿತ್ತು. ಆ ಗುರುತಿಗೆ ಹೆಸರು ಇರಲಿಲ್ಲ, ಆದ್ದರಿಂದ ಎನ್‌ವಿಡಿಎ ಏನೂ ಹೇಳಲಿಲ್ಲ. ನಾಲ್ಕು ತಿಂಗಳ ನಂತರ ಅವರ ತಂಗಿ ಪರದೆ ನೋಡಿ ಹೇಳಿದಾಗಲೇ ಗೊತ್ತಾಯಿತು. ಆ ನಾಲ್ಕು ತಿಂಗಳೂ ಅವರು ಅದೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ಕೆಲಸ ಮಾಡಿದ್ದರು. "ದುಡ್ಡು ಹೋಗಲಿಲ್ಲ, ಅಲ್ಲಾಹನ ದಯೆ. ಆದರೆ ದುಡ್ಡು ಕೊಟ್ಟು ಕೊಂಡ ವಸ್ತು ನನ್ನ ಜೊತೆ ಒಂದು ಮಾತೂ ಆಡಲಿಲ್ಲವಲ್ಲ" ಎಂದು ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ.

ಯಾವುದನ್ನು ಆರಿಸಬೇಕು?

ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಮೊದಲೇ ಇರುತ್ತದೆ. ಬೇರೆ ದುಡ್ಡು ಬೇಡ. ಇದರ ಕಿಟಕಿಗೆ "ವಿಂಡೋಸ್ ಸೆಕ್ಯುರಿಟಿ" ಎಂದು ಹೆಸರು. ಇದರ ಬಟನ್‌ಗಳಿಗೆ ಹೆಸರಿದೆ, ಸ್ಕ್ರೀನ್ ರೀಡರ್ ಅವನ್ನು ಓದುತ್ತದೆ. ಹೆಚ್ಚಿನ ವಿದ್ಯಾರ್ಥಿಗಳಿಗೆ ಇದು ಸಾಕು.

ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಬೇರೆ ಆಂಟಿವೈರಸ್ ಹಾಕಬಾರದು. ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ, ಕಂಪ್ಯೂಟರ್ ನಿಧಾನವಾಗುತ್ತದೆ, ಸ್ಕ್ರೀನ್ ರೀಡರ್‌ನ ಮಾತು ತಡೆದು ತಡೆದು ಬರುತ್ತದೆ.

ಬೇರೆಯದೇ ಬೇಕೆಂದರೆ, ದುಡ್ಡು ಕೊಡುವ ಮೊದಲು ಉಚಿತ ಪ್ರಯೋಗದ ಆವೃತ್ತಿ ಹಾಕಿ ನಾಲ್ಕು ವಿಷಯ ಪರೀಕ್ಷಿಸಿ. ಹಾಕುವಾಗ ಬರುವ ಪ್ರತಿ ಪುಟವೂ ಕೇಳುತ್ತದೆಯೇ? ಟ್ಯಾಬ್ ಒತ್ತಿದಾಗ ಪ್ರತಿ ಬಟನ್ನಿನ ಹೆಸರು ಕೇಳುತ್ತದೆಯೇ? ರಕ್ಷಣೆ ಆನ್ ಇದೆಯೋ ಇಲ್ಲವೋ ಎಂದು ಮಾತಿನಲ್ಲಿ ತಿಳಿಯುತ್ತದೆಯೇ? ಅವಧಿ ಮುಗಿಯುವ ದಿನಾಂಕ ಓದಲು ಬರುತ್ತದೆಯೇ? ಒಂದಕ್ಕೆ ಉತ್ತರ "ಇಲ್ಲ" ಎಂದಾದರೂ ಆ ತಂತ್ರಾಂಶ ಬೇಡ.

ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡುವ ಕ್ರಮ

ಇಲ್ಲಿ ಎನ್‌ವಿಡಿಎ ಆನ್ ಇದೆ ಎಂದುಕೊಳ್ಳೋಣ. ಇಲ್ಲದಿದ್ದರೆ ಕಂಟ್ರೋಲ್, ಆಲ್ಟ್, ಎನ್ ಒತ್ತಿ ಆನ್ ಮಾಡಿ. ನಡುವೆ ಮಾತು ನಿಲ್ಲಿಸಬೇಕಾದರೆ ಕಂಟ್ರೋಲ್ ಒತ್ತಿದರೆ ಸಾಕು.

1. ವಿಂಡೋಸ್ ಕೀ ಒತ್ತಿ, ಇಂಗ್ಲಿಷಿನಲ್ಲಿ "ವಿಂಡೋಸ್ ಸೆಕ್ಯುರಿಟಿ" ಎಂದು ಟೈಪ್ ಮಾಡಿ, ಎಂಟರ್ ಒತ್ತಿ.

2. "ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್" ಎಂದು ಕೇಳುವವರೆಗೆ ಟ್ಯಾಬ್ ಅಥವಾ ಬಾಣದ ಕೀ ಒತ್ತಿ. ಕೇಳಿದ ಮೇಲೆ ಎಂಟರ್.

3. ಟ್ಯಾಬ್ ಒತ್ತುತ್ತ ಹೋದರೆ "ಕ್ವಿಕ್ ಸ್ಕ್ಯಾನ್ ಬಟನ್" ಎಂದು ಕೇಳುತ್ತದೆ. ಎಂಟರ್ ಒತ್ತಿದರೆ ಸ್ಕ್ಯಾನ್ ಆರಂಭ. ಪೂರ್ತಿ ಕಂಪ್ಯೂಟರ್ ಸ್ಕ್ಯಾನ್ ಆಗಬೇಕಾದರೆ "ಸ್ಕ್ಯಾನ್ ಆಪ್ಷನ್ಸ್" ಒಳಗೆ "ಫುಲ್ ಸ್ಕ್ಯಾನ್" ಆರಿಸಿ.

4. ಸ್ಕ್ಯಾನ್ ಮುಗಿದ ಮೇಲೆ ಫಲಿತಾಂಶ ಕೇಳಬೇಕು. ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಟ್ಯಾಬ್ ಕೀ ಬಟನ್ ಮತ್ತು ಲಿಂಕ್‌ಗಳ ಮೇಲೆ ಮಾತ್ರ ನಿಲ್ಲುತ್ತದೆ, ಬರೀ ಬರಹದ ಮೇಲೆ ನಿಲ್ಲುವುದಿಲ್ಲ. "ಎಷ್ಟು ಥ್ರೆಟ್ ಸಿಕ್ಕಿತು" ಎನ್ನುವುದು ಬರೀ ಬರಹ. ಅದಕ್ಕೆ ಇನ್ಸರ್ಟ್ ಮತ್ತು ಬಿ ಒಟ್ಟಿಗೆ ಒತ್ತಿ. ಎನ್‌ವಿಡಿಎ ಇಡೀ ಕಿಟಕಿಯನ್ನು ಓದುತ್ತದೆ. ನರೇಟರ್ ಬಳಸುವವರು ಕ್ಯಾಪ್ಸ್ ಲಾಕ್ ಮತ್ತು ಸ್ಪೇಸ್ ಒತ್ತಿ ಸ್ಕ್ಯಾನ್ ಮೋಡ್‌ಗೆ ಹೋಗಿ, ಕೆಳಬಾಣದಿಂದ ಸಾಲು ಸಾಲಾಗಿ ಕೇಳಬಹುದು.

5. ಏನಾದರೂ ಸಿಕ್ಕಿದ್ದರೆ "ಪ್ರೊಟೆಕ್ಷನ್ ಹಿಸ್ಟರಿ" ಎಂಬ ಲಿಂಕ್ ತೆರೆಯಿರಿ. ಪ್ರತಿ ಫೈಲಿಗೂ ಏನು ಮಾಡಬೇಕೆಂದು ಅಲ್ಲಿ ಕೇಳುತ್ತದೆ. "ಕ್ವಾರಂಟೈನ್" ಎಂದರೆ ಕೊರೋನಾ ಕಾಲದಲ್ಲಿ ನಾವೆಲ್ಲ ಕಲಿತ ಅರ್ಥವೇ: ಬೇರೆಯವರಿಗೆ ಹರಡದಂತೆ ಪ್ರತ್ಯೇಕ ಇಡುವುದು. "ರಿಮೂವ್" ಎಂದರೆ ಅಳಿಸುವುದು. "ಅಲೋ ಆನ್ ಡಿವೈಸ್" ಎಂದರೆ ಇರಲಿ ಬಿಡು ಎನ್ನುವುದು. ಈ ಕೊನೆಯದನ್ನು ಅವಸರದಲ್ಲಿ ಒತ್ತಬೇಡಿ. "ಥ್ರೆಟ್" ಎಂಬ ಪದ ಕೇಳಿದರೆ ನಿಲ್ಲಿ. ಕನ್ನಡದಲ್ಲಿ ಅಪಾಯ, ನಮ್ಮಲ್ಲಿ ಹಲವರ ಮನೆಮಾತಿನಲ್ಲಿ ಖತ್ರಾ.

6. ತಪ್ಪಿಹೋದ ಎಚ್ಚರಿಕೆಗಳನ್ನು ಮತ್ತೆ ಕೇಳಲು ವಿಂಡೋಸ್ 11ರಲ್ಲಿ ವಿಂಡೋಸ್ ಮತ್ತು ಎನ್, ವಿಂಡೋಸ್ 10ರಲ್ಲಿ ವಿಂಡೋಸ್ ಮತ್ತು ಎ ಒತ್ತಿ. ವಾರಕ್ಕೊಮ್ಮೆ, ಜುಮಾ ನಮಾಜ್ ಮುಗಿಸಿ ಬಂದ ಮೇಲೆ ಎಂದು ದಿನ ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ.

ಇನ್ನೊಂದು ವಿಷಯ. ಮುಖ್ಯ ಬದಲಾವಣೆ ಮಾಡುವಾಗ ವಿಂಡೋಸ್ "ಯೂಸರ್ ಅಕೌಂಟ್ ಕಂಟ್ರೋಲ್" ಎಂಬ ಪ್ರಶ್ನೆ ಕೇಳುತ್ತದೆ. ಪೆನ್‌ಡ್ರೈವ್‌ನಿಂದ ಓಡಿಸುವ ಪೋರ್ಟಬಲ್ ಎನ್‌ವಿಡಿಎ ಆ ಪ್ರಶ್ನೆಯನ್ನು ಓದಲಾರದು, ಹಠಾತ್ತನೆ ಮೌನವಾಗುತ್ತದೆ. ಕಂಪ್ಯೂಟರಿನಲ್ಲೇ ಇನ್‌ಸ್ಟಾಲ್ ಮಾಡಿದ ಎನ್‌ವಿಡಿಎ ಓದುತ್ತದೆ. ಪ್ರಶ್ನೆ ಬಂದಾಗ ಪ್ರೋಗ್ರಾಮಿನ ಹೆಸರು ಮತ್ತು ಪಬ್ಲಿಷರ್ ಹೆಸರನ್ನು ಪೂರ್ತಿ ಕೇಳಿ. "ಪಬ್ಲಿಷರ್ ಅನ್‌ನೋನ್" ಎಂದು ಬಂದರೆ ಎಸ್ ಒತ್ತುವ ಮೊದಲು ಎರಡು ಸಲ ಯೋಚಿಸಿ.

ಪೆನ್‌ಡ್ರೈವ್: ಕಿವಿ ಕಣ್ಣಿಗಿಂತ ಚುರುಕು

ನೋಟ್ಸ್ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ವೈರಸ್ ತಂದವರು ನಮ್ಮಲ್ಲಿ ಬಹಳ ಜನ. ಇಂಥ ವೈರಸ್‌ನ ಒಂದು ಹಳೆಯ ಉಪಾಯವಿದೆ. ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಸುಳ್ಳು ಫೈಲ್ ಇಟ್ಟು, ಅದಕ್ಕೆ ಹಳದಿ ಫೋಲ್ಡರಿನ ಚಿತ್ರ ಅಂಟಿಸುತ್ತದೆ. ಕಣ್ಣಿರುವವರು ಫೋಲ್ಡರ್ ಎಂದು ನಂಬಿ ಒತ್ತುತ್ತಾರೆ.

ಸ್ಕ್ರೀನ್ ರೀಡರ್ ಬಳಸುವವರಿಗೆ ಆ ಚಿತ್ರ ಕಾಣುವುದೇ ಇಲ್ಲ, ಆದ್ದರಿಂದ ಅದು ಮೋಸ ಮಾಡಲಾರದು. ಪೆನ್‌ಡ್ರೈವ್ ತೆರೆದು ಕಂಟ್ರೋಲ್, ಶಿಫ್ಟ್, 6 ಒತ್ತಿದರೆ "ಡೀಟೇಲ್ಸ್" ನೋಟ ಬರುತ್ತದೆ. ಈಗ ಬಾಣದ ಕೀ ಒತ್ತಿದಾಗ ಹೆಸರಿನ ಜೊತೆ ಫೈಲಿನ ಜಾತಿಯೂ ಕೇಳುತ್ತದೆ. ಫೋಲ್ಡರ್ ಆಗಿದ್ದರೆ "ಫೈಲ್ ಫೋಲ್ಡರ್" ಎನ್ನುತ್ತದೆ. "ನೋಟ್ಸ್" ಎಂಬ ಹೆಸರಿನ ಮುಂದೆ "ಅಪ್ಲಿಕೇಶನ್" ಅಥವಾ "ಶಾರ್ಟ್‌ಕಟ್" ಎಂದು ಕೇಳಿದರೆ ಎಂಟರ್ ಒತ್ತಬೇಡಿ. ಕಣ್ಣಿರುವ ನಾವೂ ಈ ಅಭ್ಯಾಸ ಕಲಿಯಬೇಕು.

ಕ್ವಿಕ್ ಸ್ಕ್ಯಾನ್ ಪೆನ್‌ಡ್ರೈವನ್ನು ಪೂರ್ತಿ ನೋಡುವುದಿಲ್ಲ. ಅದಕ್ಕೆ ವಿಂಡೋಸ್ ಮತ್ತು ಇ ಒತ್ತಿ, ಪೆನ್‌ಡ್ರೈವ್ ಹೆಸರಿನ ಮೇಲೆ ನಿಂತು, ಶಿಫ್ಟ್ ಮತ್ತು ಎಫ್ 10 ಒತ್ತಿ. ಮೆನುವಿನಲ್ಲಿ "ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್" ಕೇಳಿದಾಗ ಎಂಟರ್.

ಸುಳ್ಳು ಎಚ್ಚರಿಕೆಯನ್ನು ಗುರುತಿಸುವುದು

ಇಂಟರ್‌ನೆಟ್ ನೋಡುವಾಗ ಇದ್ದಕ್ಕಿದ್ದಂತೆ ಸೈರನ್ ಮೊಳಗಿ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ" ಎಂದು ಕೂಗುವ ಪುಟಗಳಿವೆ. ಆ ಗದ್ದಲದಲ್ಲಿ ಸ್ಕ್ರೀನ್ ರೀಡರ್‌ನ ಮಾತು ಕೇಳುವುದಿಲ್ಲ. ಕಣ್ಣು ಕಾಣದವರಿಗೆ ಇದು ಇನ್ನೂ ದೊಡ್ಡ ಗಾಬರಿ.

ಆಗ ಮಾಡಬೇಕಾದದ್ದು ಒಂದೇ: ಇನ್ಸರ್ಟ್ ಮತ್ತು ಟಿ ಒತ್ತಿ. ಎನ್‌ವಿಡಿಎ ಕಿಟಕಿಯ ಶೀರ್ಷಿಕೆ ಓದುತ್ತದೆ. ಅದರ ಕೊನೆಯಲ್ಲಿ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಎಂದು ಬಂದರೆ ಅದು ಬರೀ ವೆಬ್ ಪುಟ. ನಿಜವಾದ ಡಿಫೆಂಡರ್ ಬ್ರೌಸರ್ ಒಳಗೆ ಕುಳಿತು ಮಾತಾಡುವುದಿಲ್ಲ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೂ ಇಲ್ಲ. ಆಲ್ಟ್ ಮತ್ತು ಎಫ್ 4 ಒತ್ತಿ ಮುಚ್ಚಿಬಿಡಿ. ಬೇರೆ ಸದ್ದನ್ನು ತಗ್ಗಿಸಿ ಎನ್‌ವಿಡಿಎ ಮಾತು ಮಾತ್ರ ಜೋರಾಗಿ ಕೇಳಬೇಕಾದರೆ ಇನ್ಸರ್ಟ್, ಶಿಫ್ಟ್, ಡಿ ಕೀಗಳಿವೆ.

ಅಕೌಂಟೆನ್ಸಿಯಲ್ಲಿ ನಾವು ಕಲಿಯುವ ಮೊದಲ ಶಿಸ್ತು, ವೋಚರ್ ಇಲ್ಲದೆ ಎಂಟ್ರಿ ಬರೆಯಬಾರದು ಎಂಬುದು. ಇಲ್ಲಿಯೂ ಅದೇ. ಎಚ್ಚರಿಕೆ ಎಲ್ಲಿಂದ ಬಂತು ಎಂಬ ದಾಖಲೆ ಇಲ್ಲದೆ ಅದನ್ನು ನಂಬಬಾರದು.

ಮೊಬೈಲಿನಲ್ಲಿ

ಆಂಡ್ರಾಯ್ಡ್ ಮೊಬೈಲಿನ ಸ್ಕ್ರೀನ್ ರೀಡರ್ ಹೆಸರು ಟಾಕ್‌ಬ್ಯಾಕ್. ಬಲಕ್ಕೆ ಬೆರಳು ಸರಿಸಿದರೆ ಮುಂದಿನದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಪ್ಲೇ ಸ್ಟೋರ್ ತೆರೆದು, ನಿಮ್ಮ ಪ್ರೊಫೈಲ್ ಮೇಲೆ ತಟ್ಟಿ, "ಪ್ಲೇ ಪ್ರೊಟೆಕ್ಟ್" ಒಳಗೆ "ಸ್ಕ್ಯಾನ್" ಆರಿಸಿದರೆ ಮೊಬೈಲಿನ ಆ್ಯಪ್‌ಗಳ ತಪಾಸಣೆ ಆಗುತ್ತದೆ.

ಇಲ್ಲೊಂದು ದೊಡ್ಡ ಎಚ್ಚರಿಕೆ ಇದೆ. ಟಾಕ್‌ಬ್ಯಾಕ್ ಕೆಲಸ ಮಾಡುವುದು "ಆ್ಯಕ್ಸೆಸಿಬಿಲಿಟಿ" ಎಂಬ ವಿಶೇಷ ಅನುಮತಿಯಿಂದ. ಈ ಅನುಮತಿ ಪಡೆದ ಆ್ಯಪ್ ಪರದೆಯ ಮೇಲಿರುವುದನ್ನು ಓದಬಹುದು, ನಮ್ಮ ಬದಲು ಬಟನ್ ಕೂಡ ಒತ್ತಬಹುದು. ಅಂಗವಿಕಲರ ಅನುಕೂಲಕ್ಕೆಂದು ಇಟ್ಟ ಈ ಬಾಗಿಲಿನಿಂದಲೇ ಕಳ್ಳ ಆ್ಯಪ್‌ಗಳು ಒಳಗೆ ಬರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಆಮಂತ್ರಣ ಎಂದೋ, ಗಾಡಿಯ ದಂಡದ ಚಲನ್ ಎಂದೋ ಬರುವ ಎಪಿಕೆ ಫೈಲ್‌ಗಳು ಇಂಥವೇ. ಆಮಂತ್ರಣ ಎಂದರೆ ಚಿತ್ರವೋ ವಿಡಿಯೋವೋ ಇರಬೇಕು, ಎಪಿಕೆ ಯಾಕೆ ಬೇಕು? ಸೆಟ್ಟಿಂಗ್ಸ್‌ನಲ್ಲಿ "ಆ್ಯಕ್ಸೆಸಿಬಿಲಿಟಿ" ತೆರೆದು, ನೀವು ಹಾಕದ ಯಾವುದಾದರೂ ಆ್ಯಪ್ ಅಲ್ಲಿ ಆನ್ ಇದೆಯೇ ಎಂದು ಕೇಳಿ ತಿಳಿಯಿರಿ. ಇದ್ದರೆ ಆಫ್ ಮಾಡಿ, ಆ್ಯಪ್ ತೆಗೆದುಹಾಕಿ.

ದುಡ್ಡು ಹೋಗಿಬಿಟ್ಟರೆ ನಾಚಿಕೆಯಿಂದ ಮುಚ್ಚಿಡಬೇಡಿ. 1930 ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಎಷ್ಟು ಬೇಗ ಫೋನ್ ಮಾಡುತ್ತೀರೋ ಅಷ್ಟು ಒಳ್ಳೆಯದು.

ಕಣ್ಣಿರುವವರ ಪಾಲು

ಕುರ್‌ಆನಿನ 80ನೇ ಅಧ್ಯಾಯ ಅಬಸ ನಮ್ಮಲ್ಲಿ ಹಲವರಿಗೆ ಗೊತ್ತು. ಕಲಿಯಬೇಕೆಂಬ ಆಸೆಯಿಂದ ಬಂದ ದೃಷ್ಟಿಹೀನ ಸಹಾಬಿ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್ (ರ) ಅವರ ವಿಷಯದಲ್ಲಿ ಅದು ಅವತೀರ್ಣವಾಯಿತು. ಮುಂದೆ ಅವರು ಮದೀನಾದಲ್ಲಿ ಅಝಾನ್ ಕೊಡುತ್ತಿದ್ದರು. ಪ್ರವಾದಿ (ಸ) ಊರ ಹೊರಗೆ ಹೋದಾಗ ಮದೀನಾದ ಹೊಣೆಯನ್ನು ಅವರಿಗೆ ವಹಿಸಿದ್ದೂ ಉಂಟು. ದೃಷ್ಟಿ ಇಲ್ಲದವರ ಮೇಲೆ ಅಯ್ಯೋ ಪಾಪ ಎನ್ನುವುದು ಬೇರೆ, ಅವರಿಗೆ ಹೊಣೆ ಕೊಡುವುದು ಬೇರೆ. ಈ ವ್ಯತ್ಯಾಸ ನಮಗೆ ಇಲ್ಲಿಂದಲೇ ತಿಳಿಯುತ್ತದೆ.

ಗೆಳೆಯ ಅಥವಾ ಗೆಳತಿ ಸಹಾಯ ಕೇಳಿದರೆ ಮೌಸ್ ಕಿತ್ತುಕೊಂಡು ನೀವೇ ಮಾಡಿ ಮುಗಿಸಬೇಡಿ. ಯಾವ ಕೀ ಒತ್ತಬೇಕು ಎಂದು ಹೇಳಿ, ಅವರೇ ಒತ್ತಲಿ. "ಅಲ್ಲಿ ಕೆಂಪಗಿದೆ ನೋಡು" ಎನ್ನಬೇಡಿ, ಬಟನ್ನಿನ ಹೆಸರು ಹೇಳಿ. ಪಾಸ್‌ವರ್ಡ್, ಒಟಿಪಿ ಅವರೇ ಟೈಪ್ ಮಾಡಲಿ. ಅವರ ಪರದೆಯಲ್ಲಿ ನಿಮ್ಮ ಕಣ್ಣಿಗೆ ಬಿದ್ದ ಬ್ಯಾಂಕ್ ಬಾಕಿ, ಮೆಸೇಜ್, ಫೋಟೋ ನಿಮ್ಮ ಬಳಿ ಅಮಾನತ್. ಅದು ಅಲ್ಲಿಗೇ ನಿಲ್ಲಬೇಕು.

ಕಾನೂನೂ ಇದನ್ನೇ ಹೇಳುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಬಳಸಲು ಬರುವಂತಿರಬೇಕು ಎಂಬ ಅಂಶವಿದೆ. ಬ್ಯಾಂಕ್ ಕೆವೈಸಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕೆಂಬ ನಿಯಮದಿಂದ ಆ್ಯಸಿಡ್ ದಾಳಿಗೆ ಒಳಗಾದವರಿಗೂ ದೃಷ್ಟಿ ಇಲ್ಲದವರಿಗೂ ಆದ ತೊಂದರೆಯ ಪ್ರಕರಣದಲ್ಲಿ, 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಡಿಜಿಟಲ್ ಸೌಲಭ್ಯ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಅದು ಹೇಳಿದೆ. ಆದ್ದರಿಂದ ಕಾಲೇಜು, ಅಂಗಡಿ, ಕಚೇರಿ ಎಲ್ಲೇ ಆಗಲಿ ಆಂಟಿವೈರಸ್ ಕೊಳ್ಳಲು ಕೊಟೇಶನ್ ಕರೆಯುವಾಗ ಬೆಲೆಯ ಜೊತೆ "ಇದು ಸ್ಕ್ರೀನ್ ರೀಡರ್ ಜೊತೆ ಕೆಲಸ ಮಾಡುತ್ತದೆಯೇ?" ಎಂಬ ಒಂದು ಸಾಲನ್ನೂ ಸೇರಿಸಬೇಕು. ಕಾಮರ್ಸ್ ಓದುವ ನಾವು ನಾಳೆ ಅಂಥ ಕೊಟೇಶನ್ ಬರೆಯುವವರು.

ಅಭ್ಯಾಸ

1. ಉಪನ್ಯಾಸಕರ ಅನುಮತಿ ಪಡೆದು, ಲ್ಯಾಬಿನ ಒಂದು ಕಂಪ್ಯೂಟರಿನ ಮಾನಿಟರ್ ಆಫ್ ಮಾಡಿ. ನರೇಟರ್ ಅಥವಾ ಎನ್‌ವಿಡಿಎ ಸಹಾಯದಿಂದ ಕ್ವಿಕ್ ಸ್ಕ್ಯಾನ್ ಮಾಡಿ, ಫಲಿತಾಂಶ ಕೇಳಿ ಬರೆದುಕೊಳ್ಳಿ.

2. "ರಿಯಲ್ ಟೈಮ್ ಪ್ರೊಟೆಕ್ಷನ್" ಆನ್ ಇದೆಯೇ ಎಂದು ಕಿವಿಯಿಂದಲೇ ಕಂಡುಹಿಡಿಯಿರಿ.

3. ಐಕಾರ್ ಪರೀಕ್ಷಾ ಫೈಲ್ ಎಂಬುದೊಂದಿದೆ. ಬರೀ 68 ಅಕ್ಷರದ್ದು, ಯಾವ ಹಾನಿಯೂ ಇಲ್ಲ. ಆಂಟಿವೈರಸ್‌ಗಳು ಅದನ್ನು ವೈರಸ್ ಎಂದೇ ಹಿಡಿಯುತ್ತವೆ. ಉಪನ್ಯಾಸಕರ ಎದುರಿನಲ್ಲಿ ಅದನ್ನು ಬಳಸಿ, ಎಚ್ಚರಿಕೆ ಬಂದಾಗ ಸ್ಕ್ರೀನ್ ರೀಡರ್ ಏನು ಹೇಳುತ್ತದೆ ಎಂದು ಕೇಳಿ. ಏನೂ ಹೇಳದಿದ್ದರೆ ಅದನ್ನೂ ಬರೆಯಿರಿ.

4. ನಿಮ್ಮ ಮನೆಯ ಒಂದು ಮೊಬೈಲಿನಲ್ಲಿ ಆ್ಯಕ್ಸೆಸಿಬಿಲಿಟಿ ಪಟ್ಟಿ ಪರೀಕ್ಷಿಸಿ. ಅಮ್ಮಿ, ಅಬ್ಬಾ ಅವರ ಮೊಬೈಲಿನಿಂದಲೇ ಆರಂಭಿಸಬಹುದು.